ಆರು ಡಾಲರಿನ ಆಟಗಾರ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಮೇಷ್ಟ್ರು ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಒಂಬತ್ತನೇ ತರಗತಿಯಲ್ಲಿ ಗೋಡೆಗೆ ಅಂಟಿಸಿದ್ದ ಕಬಡ್ಡಿ ತಂಡದ ಪಟ್ಟಿ. ಅದರಲ್ಲಿ ನನ್ನ ಹೆಸರಿರಲಿಲ್ಲ. ಆಮೇಲೆ ನೆನಪಾದದ್ದು, ಕಂಪನಿ ಕೆಲಸದ ಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಕೆಲವು ತಿಂಗಳಿದ್ದಾಗ ಅಲ್ಲಿನ ಕ್ರೀಡಾಂಗಣದ ಮುಂದೆ ಕಂಡ ಪ್ರತಿಮೆ. ಅದು ಜಾನಿ ಯುನಿಟಾಸ್ ಅವರದು. ನನ್ನ ಪಟ್ಟಿಯ ಕಥೆ ಇರಲಿ, ಅವರದನ್ನು ಹೇಳುತ್ತೇನೆ.

ಅಮೆರಿಕದವರ ಫುಟ್‌ಬಾಲ್ ನಮ್ಮದಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಕಬಡ್ಡಿಯಲ್ಲಿ ರೈಡರ್‌ನನ್ನು ಹಿಡಿದು ಕೆಡವುವ ಹಾಗೆ ಚೆಂಡು ಹಿಡಿದವನನ್ನು ಕೆಡವುತ್ತಾರೆ. ಚೆಂಡನ್ನು ಯಾರಿಗೆ ಕೊಡಬೇಕು, ಯಾರಿಗೆ ಎಸೆಯಬೇಕು ಎಂದು ಕ್ಷಣದಲ್ಲಿ ತೀರ್ಮಾನಿಸುವವನು ಕ್ವಾರ್ಟರ್‌ಬ್ಯಾಕ್.

ಯುನಿಟಾಸ್ ಹುಟ್ಟಿದ್ದು 1933ರಲ್ಲಿ, ಪಿಟ್ಸ್‌ಬರ್ಗ್ ಎಂಬ ಉಕ್ಕಿನ ಊರಿನಲ್ಲಿ. ಎಳೆಯ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ತಂದೆಯ ಕಲ್ಲಿದ್ದಲು ಸಾಗಿಸುವ ವ್ಯಾಪಾರವನ್ನು ತಾಯಿ ಕೈಗೆತ್ತಿಕೊಂಡು ಮಕ್ಕಳನ್ನು ಸಾಕಿದರು. ಹುಡುಗ ಸಣಕಲ. ಹೆಸರಾಂತ ನೋಟರ್ ಡೇಮ್ ವಿಶ್ವವಿದ್ಯಾಲಯ ಬೇಡ ಎಂದಿತು, ಲೂಯಿವಿಲ್ ಸೇರಿಸಿಕೊಂಡಿತು. 1955ರಲ್ಲಿ ತಮ್ಮದೇ ಊರಿನ ಸ್ಟೀಲರ್ಸ್ ತಂಡ ಆರಿಸಿಕೊಂಡಿತಾದರೂ, ಋತು ಶುರುವಾಗುವ ಮೊದಲೇ ಮನೆಗೆ ಕಳಿಸಿತು. ಆಗಲೇ ಮದುವೆಯಾಗಿತ್ತು. ಕಟ್ಟಡದ ಕೂಲಿಗೆ ಹೋದರು. ಬಿಡುವಿನಲ್ಲಿ ಬ್ಲೂಮ್‌ಫೀಲ್ಡ್ ರಾಮ್ಸ್ ಎಂಬ ಸಣ್ಣ ತಂಡಕ್ಕೆ ಆಡಿದರು. ಒಂದು ಆಟಕ್ಕೆ ಆರು ಡಾಲರ್!

ಮರುವರ್ಷ ಬಾಲ್ಟಿಮೋರ್ ಕೋಲ್ಟ್ಸ್ ತಂಡ ಕರೆಯಿತು. ಮುಖ್ಯ ಆಟಗಾರನಿಗೆ ಪೆಟ್ಟಾದಾಗ ಮೈದಾನಕ್ಕಿಳಿದರು. ಮೊದಲ ಎಸೆತವನ್ನೇ ಎದುರಾಳಿ ಹಿಡಿದು ಓಡಿ ಅಂಕ ಗಳಿಸಿಬಿಟ್ಟ. ನಾನಾಗಿದ್ದರೆ ಅಲ್ಲಿಂದಲೇ ಬಸ್ಸು ಹತ್ತುತ್ತಿದ್ದೆ.

ಎರಡು ವರ್ಷದ ಮೇಲೆ, 1958ರ ಡಿಸೆಂಬರ್ 28ರಂದು, ನ್ಯೂಯಾರ್ಕಿನಲ್ಲಿ ಫೈನಲ್. ಸುಮಾರು ಎರಡು ನಿಮಿಷ ಉಳಿದಿದೆ, ಕೋಲ್ಟ್ಸ್ 14, ಜೈಂಟ್ಸ್ 17. ಯುನಿಟಾಸ್ ಸಾಲಾಗಿ ಮೂರು ಸಲ ರೇಮಂಡ್ ಬೆರ್ರಿಗೇ ಎಸೆದರು, ಮೂರೂ ಸಲ ಬೆರ್ರಿ ಹಿಡಿದರು. ಏಳು ಸೆಕೆಂಡು ಇರುವಾಗ ಅಂಕ ಸಮ. ಹೆಚ್ಚುವರಿ ಅವಧಿಯಲ್ಲಿ ಎಂಬತ್ತು ಗಜ ದೂರವನ್ನು ಹದಿಮೂರು ಪಟ್ಟುಗಳಲ್ಲಿ ದಾಟಿಸಿ 23-17ಕ್ಕೆ ಗೆದ್ದರು. ಆಗ ಹೆಲ್ಮೆಟ್ಟಿನೊಳಗೆ ರೇಡಿಯೊ ಇರಲಿಲ್ಲ, ಕೋಚ್ ಕಿವಿಯಲ್ಲಿ ಹೇಳಿಕೊಡುತ್ತಿರಲಿಲ್ಲ. ಯಾವ ಪಟ್ಟು ಹಾಕಬೇಕೆಂದು ಮೈದಾನದಲ್ಲಿ ಅವರೇ ತೀರ್ಮಾನಿಸುತ್ತಿದ್ದರು. ಟಿ.ವಿ.ಯಲ್ಲಿ ಆ ಆಟ ನೋಡಿದ ಮೇಲೆಯೇ ದೇಶಕ್ಕೆ ಈ ಆಟದ ಹುಚ್ಚು ಹಿಡಿದದ್ದು ಎನ್ನುತ್ತಾರೆ. 1956ರಿಂದ 1960ರವರೆಗೆ ಸತತ 47 ಪಂದ್ಯಗಳಲ್ಲಿ ಅವರ ಎಸೆತದಿಂದ ಟಚ್‌ಡೌನ್ ಬಂದಿತ್ತು. ಈ ದಾಖಲೆ ಮುರಿದದ್ದು 2012ರಲ್ಲಿ.

ನನ್ನನ್ನು ಕಾಡುವುದು ದಾಖಲೆಯಲ್ಲ, ಆ ಬಲಗೈ. 1968ರಲ್ಲಿ ತೋಳಿಗೆ ಬಿದ್ದ ಪೆಟ್ಟು ವಯಸ್ಸಾದ ಮೇಲೆ ಸೇಡು ತೀರಿಸಿಕೊಂಡಿತು. ಬೆರಳು ಮಡಚಲಾಗದೆ ಊಟದ ಚಮಚ ಹಿಡಿಯುವುದೂ ಕಷ್ಟವಾಯಿತು. ಗಾಲ್ಫ್ ಆಡಲು ಕೋಲನ್ನು ಕೈಗೆ ಪಟ್ಟಿಯಿಂದ ಬಿಗಿದುಕೊಳ್ಳುತ್ತಿದ್ದರು. ಅಂಗವಿಕಲ ಭತ್ಯೆ ಕೇಳಿದರು, ಸಿಗಲಿಲ್ಲ. ದಿನವಿಡೀ ಹತ್ತು ಬೆರಳಿನಿಂದ ಕೀಬೋರ್ಡ್ ಕುಟ್ಟಿ ಅನ್ನ ತಿನ್ನುವ ನನಗೆ ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ.

2002ರ ಸೆಪ್ಟೆಂಬರ್ 11ರಂದು, ಬಾಲ್ಟಿಮೋರ್ ಬಳಿ ವ್ಯಾಯಾಮ ಮಾಡುತ್ತಿದ್ದಾಗ ಹೃದಯಾಘಾತವಾಗಿ ತೀರಿಕೊಂಡರು. 69 ವರ್ಷ. ಕ್ರೀಡಾಂಗಣದ ಮುಂದಿನ ಆ ಪ್ರತಿಮೆಯಲ್ಲಿ ಅವರು ಚೆಂಡನ್ನು ಇನ್ನೇನು ಎಸೆಯಲಿದ್ದಾರೆ. ಆಟ ನೋಡಲು ಬಂದವರು ಒಳಗೆ ಹೋಗುವ ಮೊದಲು ಅವರ ಬೂಟು ಮುಟ್ಟಿ ಹೋಗುತ್ತಾರೆ. ನಾನೂ ಮುಟ್ಟಿದೆ.