ಚೌಕದೊಳಗಿನ ಭಿನ್ನರಾಶಿ

ಭಿನ್ನರಾಶಿಯ ಲೆಕ್ಕವೆಂದೊಡನೆ ಅಂಜುವ ಮಕ್ಕಳು ಎಲ್ಲ ಕಾಲದಲ್ಲಿಯೂ ಉಂಟು. ನಿಯಮವು ಬಾಯಿಗೆ ಬಂದರೂ ಅದರ ಅರ್ಥವು ಮನಸ್ಸಿಗೆ ಹತ್ತದಿರುವುದೇ ಈ ಅಂಜಿಕೆಗೆ ಕಾರಣ. ಅರ್ಥವನ್ನು ಮೊದಲು ಕಣ್ಣಿಗೆ ಕಾಣಿಸಬೇಕೆಂದು ಶ್ರಮಿಸಿದವರಲ್ಲಿ ಸ್ವಿಟ್ಜರ್ಲೆಂಡಿನ ಯೊಹಾನ್ ಹೈನ್ರಿಖ್ ಪೆಸ್ಟಾಲೋಜಿ ಪ್ರಮುಖನು.

ಪೆಸ್ಟಾಲೋಜಿಯು 1746ರ ಜನವರಿ 12ರಂದು ಜ್ಯೂರಿಕ್ ನಗರದಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ತಾಯಿಯ ಮತ್ತು ಮನೆಯ ನಿಷ್ಠಾವಂತ ಸೇವಕಿಯ ಆರೈಕೆಯಲ್ಲಿ ಬೆಳೆದನು. ಬಡಮಕ್ಕಳಿಗೆ ವಿದ್ಯೆಯನ್ನೂ ಕಸುಬನ್ನೂ ಕಲಿಸುವ ಹಂಬಲದಿಂದ 1774ರಲ್ಲಿ ನ್ಯೂಹೋಫ್ ಎಂಬಲ್ಲಿನ ತನ್ನ ಜಮೀನಿನಲ್ಲಿ ಶಾಲೆಯೊಂದನ್ನು ತೆರೆದನು. ಹಣದ ಮುಗ್ಗಟ್ಟಿನಿಂದ 1780ರಲ್ಲಿ ಅದು ಮುಚ್ಚಿತು. ಆದರೂ ಆತನ ಹಂಬಲ ಕುಂದಲಿಲ್ಲ.

1798ರಲ್ಲಿ ಫ್ರೆಂಚ್ ಸೈನ್ಯವು ಸ್ಟಾನ್ಸ್ ಎಂಬ ಊರನ್ನು ಧ್ವಂಸಮಾಡಿತು. ಮರುವರ್ಷದ ಆರಂಭದಲ್ಲಿ, ಅಲ್ಲಿ ಅನಾಥರಾದ ಸುಮಾರು 80 ಮಕ್ಕಳ ಪೋಷಣೆಯ ಹೊಣೆ ಪೆಸ್ಟಾಲೋಜಿಗೆ ಬಂದಿತು. ಪುಸ್ತಕಗಳಿರಲಿಲ್ಲ, ಉಪಾಧ್ಯಾಯರಿರಲಿಲ್ಲ. ಆತನು ಸುತ್ತಲಿನ ವಸ್ತುಗಳನ್ನೇ ಪಾಠವನ್ನಾಗಿ ಮಾಡಿದನು. ಆರು ತಿಂಗಳೊಳಗೆ ಆ ಕಟ್ಟಡವು ಸೈನ್ಯದ ಆಸ್ಪತ್ರೆಯಾಯಿತು, ಶಾಲೆ ನಿಂತಿತು.

ಅಲ್ಲಿ ಕಂಡುಕೊಂಡ ಮಾರ್ಗವನ್ನು ಆತನು ಬುರ್ಗ್‌ಡಾರ್ಫ್ ಎಂಬ ಊರಿನಲ್ಲಿ ಪಕ್ವಗೊಳಿಸಿ, 1801ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಭಿನ್ನರಾಶಿಗಾಗಿ ಆತನು ಬಳಸಿದ್ದು ಚೌಕಗಳ ಪಟ. ಮೊದಲ ಸಾಲಿನ ಚೌಕಗಳು ಇಡಿಯಾಗಿದ್ದವು. ಎರಡನೆಯ ಸಾಲಿನವು ಎರಡು ಸಮಭಾಗಗಳಾಗಿ, ಮೂರನೆಯ ಸಾಲಿನವು ಮೂರಾಗಿ, ಹೀಗೆ ಹತ್ತರವರೆಗೆ ಲಂಬರೇಖೆಗಳಿಂದ ವಿಭಾಗವಾಗಿದ್ದವು. ಇನ್ನೊಂದು ಪಟದಲ್ಲಿ ಅಡ್ಡರೇಖೆಗಳೂ ಸೇರುತ್ತಿದ್ದವು.

ಇದರ ಪ್ರಯೋಜನವನ್ನು ಗಮನಿಸಿರಿ. ಒಂದು ಚೌಕವನ್ನು ಲಂಬವಾಗಿ ಎರಡು, ಅಡ್ಡವಾಗಿ ಮೂರು ಸಮಭಾಗ ಮಾಡಿದರೆ ಆರು ಮನೆಗಳಾಗುತ್ತವೆ. ಅದರ ಅರ್ಧವೆಂದರೆ ಮೂರು ಮನೆ. ಮೂರನೆಯ ಒಂದು ಭಾಗವೆಂದರೆ ಎರಡು ಮನೆ. ಎರಡನ್ನೂ ಕೂಡಿಸಿದರೆ ಆರರಲ್ಲಿ ಐದು ಮನೆ, ಅಂದರೆ 5/6. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 2/5 ಎಂದು ಬರೆಯುವವನ ತಪ್ಪನ್ನು ಚೌಕವೇ ತೋರಿಸಿಕೊಡುತ್ತದೆ. ಏಕೆಂದರೆ 2/5 ಅರ್ಧಕ್ಕಿಂತಲೂ ಕಡಿಮೆ. ಛೇದಗಳನ್ನು ಸಮಮಾಡುವುದೆಂದರೆ ಚೌಕವನ್ನು ಒಂದೇ ಅಳತೆಯ ಮನೆಗಳಾಗಿ ಮಾಡುವುದು ಎಂಬ ಅರಿವು ಮೊದಲು, ನಿಯಮ ಅನಂತರ.

1805ರಿಂದ 1825ರವರೆಗೆ ಆತನು ಇವೆರ್ಡನ್ ನಗರದಲ್ಲಿ ನಡೆಸಿದ ಶಾಲೆಯನ್ನು ನೋಡಲು ಯೂರೋಪಿನ ನಾನಾ ದೇಶಗಳ ಶಿಕ್ಷಕರು ಬಂದರು. ಮುಂದೆ ಶಿಶುವಿಹಾರವನ್ನು ಸ್ಥಾಪಿಸಿದ ಫ್ರೋಬೆಲ್ ಅವರಲ್ಲೊಬ್ಬನು. ಕೊನೆಗೆ ಸಹೋದ್ಯೋಗಿಗಳ ಕಲಹದಿಂದ ಆ ಶಾಲೆಯೂ ಮುಚ್ಚಿತು. 1827ರ ಫೆಬ್ರವರಿ 17ರಂದು ಬ್ರುಗ್ ಎಂಬಲ್ಲಿ ಪೆಸ್ಟಾಲೋಜಿ ನಿಧನನಾದನು.

ಆತನು ಕಟ್ಟಿದ ಶಾಲೆಗಳು ಉಳಿಯಲಿಲ್ಲ. ಆದರೆ ಚೌಕವನ್ನು ಬರೆದು, ಭಾಗಮಾಡಿ, ಬಣ್ಣ ತುಂಬಿ ಭಿನ್ನರಾಶಿಯನ್ನು ಕಲಿಸುವ ಕ್ರಮವು ಇಂದಿಗೂ ತರಗತಿಗಳಲ್ಲಿ ನಡೆದುಬಂದಿದೆ.