ಮಾತಿಗೂ ತಕ್ಕಡಿಯಿಟ್ಟ ಇಸ್ರಾಯೇಲ್ ಮೇಯಿರ್ ಕಾಗನ್ ಅವರ ಚರಿತ್ರೆ

ನೆರೆಯವನ ಮೇಲೆ ಸುಳ್ಳು ಹೊರಿಸುವದು ಪಾಪವೆಂದು ನಾವೆಲ್ಲರೂ ಬಲ್ಲೆವು. ಆದರೆ ಅವನ ವಿಷಯದಲ್ಲಿ ನಿಜವಾದ ಒಂದು ತಪ್ಪನ್ನು ಬಾವಿಕಟ್ಟೆಯ ಬಳಿ ಹತ್ತು ಮಂದಿಗೆ ತಿಳಿಸಿದವನು, ಇದ್ದದ್ದನ್ನಲ್ಲವೇ ಹೇಳಿದೆನು ಎಂದುಕೊಂಡು ನೆಮ್ಮದಿಯಿಂದ ನಿದ್ರೆಮಾಡುತ್ತಾನೆ. ನಿಜವಾದ ಮಾತಿನಿಂದಲೂ ನೆರೆಯವನಿಗೆ ಅನ್ಯಾಯವಾಗಬಹುದೆಂದು ಯೆಹೂದ್ಯರ ಹಿರಿಯರು ಪೂರ್ವಕಾಲದಿಂದ ಕಲಿಸುತ್ತಾ ಬಂದರು. ಆ ಉಪದೇಶವನ್ನು ಸಾಮಾನ್ಯ ಜನರ ಮನೆಗೂ ಅಂಗಡಿಗೂ ಮುಟ್ಟಿಸಿದ ಒಬ್ಬ ಸತ್ಪುರುಷರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಇಸ್ರಾಯೇಲ್ ಮೇಯಿರ್ ಕಾಗನ್ ಅವರು 1838ರ ಸುಮಾರಿಗೆ, ಆಗ ರಷ್ಯಾ ಚಕ್ರವರ್ತಿಯ ಆಳಿಕೆಗೆ ಒಳಪಟ್ಟಿದ್ದ ಝೆಟೆಲ್ ಎಂಬ ಚಿಕ್ಕ ಊರಲ್ಲಿ ಹುಟ್ಟಿದರು. ಆ ಸೀಮೆಯು ಈಗ ಬೆಲಾರುಸ್ ದೇಶಕ್ಕೆ ಸೇರಿದೆ. ಬಾಲ್ಯದಲ್ಲಿಯೇ ತಂದೆಯನ್ನು ಕಳಕೊಂಡ ಅವರು ವಿಲ್ನಾ ಪಟ್ಟಣದಲ್ಲಿ ಧರ್ಮಶಾಸ್ತ್ರವನ್ನು ಅಭ್ಯಾಸಮಾಡಿ, ಯೌವನದಲ್ಲಿ ಮದುವೆಯಾಗಿ ರಾದುನ್ ಎಂಬ ಹಳ್ಳಿಯಂಥ ಊರಲ್ಲಿ ನೆಲೆಸಿದರು. ರಬ್ಬಿಯ ಉದ್ಯೋಗದಿಂದ ಹೊಟ್ಟೆ ಹೊರೆಯಲು ಅವರಿಗೆ ಮನಸ್ಸಿರಲಿಲ್ಲ. ಆದಕಾರಣ ಒಂದು ಕಿರಾಣಿ ಅಂಗಡಿಯನ್ನು ಇಟ್ಟರು. ಹೆಂಡತಿಯು ವ್ಯಾಪಾರವನ್ನು ನೋಡಿಕೊಂಡಳು. ಲೆಕ್ಕದಲ್ಲಿಯೂ ತೂಕದಲ್ಲಿಯೂ ಯಾರಿಗೂ ಮೋಸವಾಗದಂತೆ ಅವರು ಎಚ್ಚರವಾಗಿದ್ದರು. ಗಿರಾಕಿಗಳು ಹೆಚ್ಚಿದಾಗ ಬೇರೆ ಅಂಗಡಿಯವರ ಜೀವನಕ್ಕೆ ತೊಂದರೆಯಾದೀತೆಂದು ತಮ್ಮ ಅಂಗಡಿಯನ್ನು ಬೇಗನೆ ಮುಚ್ಚಿಸಿದರೆಂದು ಅವರ ಕುರಿತು ಹೇಳುವದುಂಟು. 1869ರಲ್ಲಿ ಅವರು ರಾದುನಿನಲ್ಲಿ ಶಾಸ್ತ್ರಾಭ್ಯಾಸದ ಪಾಠಶಾಲೆಯನ್ನು ಆರಂಭಿಸಿದರು.

1873ರಲ್ಲಿ ವಿಲ್ನಾದಲ್ಲಿ ಅವರ ಮೊದಲನೆಯ ಪುಸ್ತಕವು ಅಚ್ಚಾಯಿತು. ಬರೆದವರ ಹೆಸರನ್ನು ಅದರಲ್ಲಿ ಹಾಕಿರಲಿಲ್ಲ. 34ನೆಯ ಕೀರ್ತನೆಯ ಮಾತಿನಿಂದ ತೆಗೆದ ಅದರ ಹೆಸರು ಹಾಫೆಟ್ಸ್ ಹಯ್ಯಿಮ್. ಜೀವವನ್ನು ಬಯಸುವವನು ಎಂಬುದು ಅದರ ಅರ್ಥ. ಮುಂದೆ ಜನರು ಪುಸ್ತಕದ ಹೆಸರಿನಿಂದಲೇ ಅವರನ್ನು ಕರೆಯತೊಡಗಿದರು. ಚಾಡಿ ಹೇಳುತ್ತಾ ತಿರುಗಬಾರದೆಂಬ ಯಾಜಕಕಾಂಡದ ಆಜ್ಞೆ, ಮೋಶೆಯ ವಿರೋಧವಾಗಿ ಮಾತಾಡಿ ಕುಷ್ಠಕ್ಕೆ ಗುರಿಯಾದ ಮಿರ್ಯಾಮಳ ಸಂಗತಿ, ತಲ್ಮೂದಿನಲ್ಲಿಯೂ ಹಿರಿಯರ ಗ್ರಂಥಗಳಲ್ಲಿಯೂ ಚದರಿದ್ದ ತೀರ್ಪುಗಳು, ಇವೆಲ್ಲವನ್ನೂ ಅವರು ಒಟ್ಟುಗೂಡಿಸಿ ದಿನನಿತ್ಯ ಅನುಸರಿಸತಕ್ಕ ನಿಯಮಗಳಾಗಿ ಕ್ರಮಪಡಿಸಿದರು. ಕೆಟ್ಟ ಮಾತನ್ನಾಡುವವನು ಧರ್ಮಶಾಸ್ತ್ರದ 17 ನಿಷೇಧಗಳನ್ನೂ 14 ವಿಧಿಗಳನ್ನೂ ಮೀರುವ ಅಪಾಯದಲ್ಲಿದ್ದಾನೆಂದು ಎಣಿಸಿ ತೋರಿಸಿದರು.

ಅವರ ನಿಯಮಗಳ ಪ್ರಕಾರ, ನೆರೆಯವನಿಗೆ ಕುಂದು ತರುವ ಮಾತು ನಿಜವಾಗಿದ್ದರೂ ಅದು ಕೆಟ್ಟ ಮಾತೇ. ಸುಳ್ಳು ಬೆರೆತಿದ್ದರೆ ದೋಷವು ಇನ್ನೂ ಘೋರ. ಇಂಥವನು ನಿನ್ನನ್ನು ಹೀಗೆಂದನು ಎಂದು ಒಬ್ಬನ ಮಾತನ್ನು ಮತ್ತೊಬ್ಬನಿಗೆ ಸಾಗಿಸುವದು ಚಾಡಿ. ಕಣ್ಸನ್ನೆಯಿಂದ ತಿಳಿಸಿದರೂ ಕಾಗದದಲ್ಲಿ ಬರೆದರೂ ತಮಾಷೆಗೆಂದು ಆಡಿದರೂ ದೋಷವು ತಪ್ಪದು. ವೈರಿಯ ಮುಂದೆ ಒಬ್ಬನನ್ನು ಹೊಗಳುವದು ಸಹ ನಿಂದೆಯ ಧೂಳು. ಯಾಕಂದರೆ ಆ ಹೊಗಳಿಕೆಯು ವೈರಿಯ ಬಾಯಿಂದ ಬೈಗಳನ್ನು ಹೊರಡಿಸುವದು. ಕಿವಿಗೊಟ್ಟು ನಂಬಿದವನೂ ಆಡಿದವನ ದೋಷದಲ್ಲಿ ಪಾಲುಗಾರನು.

ಹಾಗಾದರೆ ಅನ್ಯಾಯವನ್ನು ಕಂಡೂ ಬಾಯಿ ಮುಚ್ಚಿಕೊಂಡಿರಬೇಕೋ? ಹಾಗಲ್ಲ. ನೆರೆಯವನ ಪ್ರಾಣಕ್ಕೆ ಅಪಾಯವಿರುವಾಗ ಸುಮ್ಮನೆ ನಿಲ್ಲಬಾರದೆಂಬ ಆಜ್ಞೆಯೂ, ಚಾಡಿಯನ್ನು ನಿಷೇಧಿಸುವ ಅದೇ ವಚನದಲ್ಲಿ ಇದೆಯೆಂದು ಅವರು ಎತ್ತಿ ತೋರಿಸಿದರು. ಮದುವೆಗೆ ಗೊತ್ತಾದ ವರನಲ್ಲಿ ಹೊರಗೆ ಕಾಣದ ಕಠಿಣ ರೋಗವಿದೆಯೆಂದು ಬಲ್ಲವನೂ, ವ್ಯಾಪಾರದಲ್ಲಿ ಪಾಲುಗಾರನಾಗುವವನು ವಂಚಕನೆಂದು ಬಲ್ಲವನೂ ಸುಮ್ಮನಿದ್ದರೆ ಅದೂ ಅಪರಾಧವೇ. ಆದರೆ ಹೇಳುವದಕ್ಕೆ ಮುಂಚೆ ಮಾತನ್ನು ತೂಗಬೇಕು. ಅನ್ಯಾಯಕ್ಕೆ ಒಳಗಾದವನ ಪರವಾಗಿ ಬಾಯಿ ತೆರೆಯುವವನಿಗೆ ಅವರು 7 ಷರತ್ತುಗಳನ್ನು ಇಟ್ಟರು. ಸಂಗತಿಯನ್ನು ಸ್ವತಃ ಕಂಡಿರಬೇಕು, ಇಲ್ಲವೆ ಚೆನ್ನಾಗಿ ವಿಚಾರಿಸಿರಬೇಕು; ಆತುರದಿಂದ ತೀರ್ಮಾನಿಸಬಾರದು; ಮೊದಲು ತಪ್ಪು ಮಾಡಿದವನಿಗೇ ಮೆಲ್ಲನೆ ಬುದ್ಧಿ ಹೇಳಬೇಕು; ಇದ್ದದ್ದಕ್ಕಿಂತ ಹೆಚ್ಚಿಸಿ ಹೇಳಬಾರದು; ಹಗೆಯಿಂದಲ್ಲ, ಹಿತಕ್ಕಾಗಿ ಹೇಳಬೇಕು; ಬೇರೆ ಉಪಾಯದಿಂದ ಕೆಲಸವಾಗುವದಾದರೆ ಅದನ್ನೇ ಹಿಡಿಯಬೇಕು; ತಪ್ಪಿತಸ್ಥನಿಗೆ ನ್ಯಾಯಸ್ಥಾನವು ವಿಧಿಸುವದಕ್ಕಿಂತ ಹೆಚ್ಚು ಕೇಡಾಗುವಂತೆ ಮಾಡಬಾರದು.

ಕೆಟ್ಟದ್ದನ್ನು ಆಡದಿದ್ದರೆ ಮಾತ್ರ ಊರು ಬಾಳದೆಂದು ಅವರು ಬಲ್ಲವರಾಗಿದ್ದರು. 1888ರಲ್ಲಿ ದಯಾಕಾರ್ಯಗಳ ವಿಷಯವಾಗಿ ಮತ್ತೊಂದು ಪುಸ್ತಕವನ್ನು ಪ್ರಕಟಿಸಿ, ಬಡವರಿಗೆ ಬಡ್ಡಿಯಿಲ್ಲದ ಸಾಲಕೊಡುವ ನಿಧಿಗಳನ್ನು ಊರೂರಲ್ಲಿ ಸ್ಥಾಪಿಸಬೇಕೆಂದು ಪ್ರೇರೇಪಿಸಿದರು. ಪುಸ್ತಕಗಳನ್ನು ತಾವೇ ಊರಿಂದೂರಿಗೆ ಒಯ್ದು ಮಾರುತ್ತಿದ್ದರು. ಹಾಳೆ ತಪ್ಪಿದ ಪ್ರತಿಯು ಕೊಂಡವನ ಕೈಸೇರಬಾರದೆಂದು ಅವುಗಳನ್ನು ಜಾಗ್ರತೆಯಾಗಿ ಪರೀಕ್ಷಿಸುತ್ತಿದ್ದರು.

ಮೊದಲನೆಯ ಮಹಾಯುದ್ಧದಲ್ಲಿ, 1915ರಲ್ಲಿ, ವೃದ್ಧರಾದ ಅವರು ಶಿಷ್ಯರೊಡನೆ ರಷ್ಯಾದ ಒಳಸೀಮೆಗೆ ಹೋಗಬೇಕಾಯಿತು. 1921ರಲ್ಲಿ ರಾದುನಿಗೆ ತಿರಿಗಿ ಬಂದು, 1933ರ ಸೆಪ್ಟೆಂಬರಿನಲ್ಲಿ ಅಲ್ಲಿಯೇ ತೀರಿಹೋದರು. ತರುವಾಯ 9 ವರುಷಗಳೊಳಗೆ, 1942ರ ಮೇ ತಿಂಗಳಲ್ಲಿ, ನಾಜಿಗಳು ಆ ಊರಿನ ಯೆಹೂದ್ಯರನ್ನು ಗುಂಪುಗುಂಪಾಗಿ ಕೊಂದರು. ಒಂದು ಜನಾಂಗದ ವಿಷಯದಲ್ಲಿ ಬಹುಕಾಲ ಹಬ್ಬಿಸಿದ ದೂಷಣೆಯು ಆ ಕೊಲೆಗೆ ದಾರಿಮಾಡಿತ್ತು. ನಾಲಿಗೆಯ ಕೇಡು ಅಲ್ಪವಲ್ಲವೆಂದು ಆ ವೃದ್ಧರು ಹೇಳಿದ್ದು ಎಷ್ಟು ನಿಜವೆಂಬದಕ್ಕೆ ಇದಕ್ಕಿಂತ ದುಃಖಕರವಾದ ಸಾಕ್ಷಿ ಬೇಕೇ?

ಬಾವಿಕಟ್ಟೆಯಲ್ಲಿ ಆಡಿದ ಮಾತು ಹಿಂದೆ ಸಂಜೆಗೆ ಊರನ್ನು ಸುತ್ತುತ್ತಿತ್ತು. ಈಗ ಕೈಯಲ್ಲಿರುವ ಫೋನಿನಿಂದ ಕ್ಷಣದಲ್ಲಿ ನೂರು ಮನೆಗಳನ್ನು ಹೊಗುವದು. ನಮ್ಮೊಳಗೆ ಒಬ್ಬನ ತಪ್ಪು ಕಿವಿಗೆ ಬಿದ್ದಾಗ ಈ ಏಳು ಷರತ್ತುಗಳಲ್ಲಿ ಮೂರನೆಯದನ್ನಾದರೂ ಮೊದಲು ನಡಿಸೋಣ. ಇತರರ ಮನೆಗಳಿಗೆ ಹೋಗುವ ಮುಂಚೆ ಅವನ ಮನೆಗೇ ಹೋಗೋಣ. ಅಲ್ಲಿ ಕೂತು ಮಾತಾಡಿದ ಮೇಲೆ, ಬೇರೆಯವರಿಗೆ ಹೇಳತಕ್ಕದ್ದು ಏನೂ ಉಳಿಯದೆ ಹೋಗಬಹುದು.