ಜಕಣಾಚಾರಿ: ಮನೆ ಬಿಟ್ಟು ಹೋದ ತಂದೆ

ನಿಮ್ಮಲ್ಲಿ ಸುಮಾರು ಜನ ಅರಸೀಕೆರೆಯಲ್ಲಿ ರೈಲಿಳಿದು ಬೇಲೂರು, ಹಳೇಬೀಡು ನೋಡಿಬಂದಿದ್ದೀರಿ. ಅಲ್ಲಿ ಯಾರನ್ನೇ ಕೇಳಿ, ಇದನ್ನೆಲ್ಲ ಕೆತ್ತಿದ್ದು ಜಕಣಾಚಾರಿ ಅಂತಾರೆ. ಚರಿತ್ರೆ ಓದಿದವರು ಒಪ್ಪಲ್ಲ. ಬೇಲೂರಿನ ಗುಡಿ 1117ರದು, ಅರಸೀಕೆರೆಯ ಈಶ್ವರ ಗುಡಿ 1220ರದು. ನಡುವೆ ನೂರು ವರ್ಷ, ಅದು ಒಬ್ಬನ ಕೈಕೆಲಸ ಆಗೋಕೆ ಸಾಧ್ಯವೇ ಇಲ್ಲ. ಆದರೂ ಸರ್ಕಾರ ಶಿಲ್ಪಿಗಳಿಗೆ ಕೊಡೋ ಪ್ರಶಸ್ತಿಗೆ ಅವನದೇ ಹೆಸರಿದೆ. ಆದ್ದರಿಂದ ಜನ ಹೇಳಿಕೊಂಡು ಬಂದ ಅವನ ಜೀವನವನ್ನೇ ಇವತ್ತು ನೋಡೋಣ.

ತುಮಕೂರಿನ ಹತ್ತಿರ ಕೈದಾಳ ಅಂತ ಊರು. ಅವನು ಅಲ್ಲಿಯವನು. ಮದುವೆಯಾಗಿ ಹೆಚ್ಚು ದಿನ ಆಗಿರಲಿಲ್ಲ, ಉಳಿ ಸುತ್ತಿಗೆ ತಗೊಂಡು ಹೊರಟುಬಿಟ್ಟ. ಊರೂರು ಅಲೆದ, ರಾಜರ ಹತ್ತಿರ ಕೆಲಸ ಮಾಡಿದ, ಹೆಸರು ಮಾಡಿದ. ಹೆಂಡತಿಯ ನೆನಪೇ ಹೋಯ್ತು. ಇತ್ತ ಆಕೆಗೆ ಗಂಡುಮಗು ಆಯ್ತು, ಡಂಕಣ. ಅಪ್ಪನ ಮುಖ ನೋಡದೆ ಬೆಳೆದ ಆ ಹುಡುಗನೂ ಶಿಲ್ಪಿಯೇ ಆದ. ಬಹಳ ಜನ ಹೇಳೋ ಕಥೆಯಲ್ಲಿ ಆ ತಾಯಿಗೆ ಹೆಸರೇ ಇರಲ್ಲ, ಗಮನಿಸಿದ್ದೀರಾ? ಅಷ್ಟೂ ವರ್ಷ ಮಗುವನ್ನ ಸಾಕಿದವಳು ಅವಳು.

ಲೂಕ 15ರಲ್ಲಿ ಮಗ ಮನೆ ಬಿಡ್ತಾನೆ, ತಂದೆ ಕಾಯ್ತಾನೆ. ಇಲ್ಲಿ ಉಲ್ಟಾ. ತಂದೆ ಹೋದ, ಮಗ ಹುಡುಕಿಕೊಂಡು ಹೊರಟ.

ಹುಡುಕ್ತಾ ಹುಡುಕ್ತಾ ಬೇಲೂರಿಗೆ ಬಂದ. ಅಲ್ಲಿ ಜಕಣಾಚಾರಿ ಕೆತ್ತಿದ ಮೂರ್ತಿಯ ಕಲ್ಲಲ್ಲಿ ದೋಷ ಇದೆ ಅಂದ. ಅಷ್ಟು ದೊಡ್ಡ ಶಿಲ್ಪಿಗೆ ಒಬ್ಬ ಹುಡುಗ ಹೀಗೆ ಹೇಳಿದರೆ ಹೇಗಿರುತ್ತೆ? ದೋಷ ತೋರಿಸಿದರೆ ಬಲಗೈ ಕಡಿದುಕೊಳ್ತೀನಿ ಅಂತ ಪಣ ತೊಟ್ಟ. ಮೂರ್ತಿಗೆಲ್ಲ ಗಂಧ ಬಳಿದರು. ಎಲ್ಲಾ ಕಡೆ ಒಣಗಿತು, ಹೊಕ್ಕುಳ ಹತ್ತಿರ ಮಾತ್ರ ಹಸಿಯಾಗೇ ಉಳೀತು. ಅಲ್ಲಿ ಉಳಿ ಇಟ್ಟರೆ ನೀರು, ಮರಳು, ಜೊತೆಗೆ ಒಂದು ಜೀವಂತ ಕಪ್ಪೆ. ಕಪ್ಪೆ ಚೆನ್ನಿಗರಾಯ ಅನ್ನೋ ಹೆಸರು ಬಂದಿದ್ದು ಹಾಗೆ. ಅವನು ಕೈ ಕಡಿದುಕೊಂಡ. ಎದುರಿಗಿರೋನು ತನ್ನ ಮಗ ಅಂತ ಗೊತ್ತಾಗಿದ್ದು ಆಮೇಲೆ. ಮುಂದೆ ಕೈದಾಳಕ್ಕೆ ವಾಪಸ್ ಹೋಗಿ ಗುಡಿ ಕಟ್ಟಿದಾಗ ಕೈ ಮತ್ತೆ ಬಂತು ಅಂತಾರೆ. ಮಗನ ಬಾಲ್ಯ ಬಂತಾ?

ಬ್ರದರ್ಸ್, ಅವನು ಕುಡಿದು ಹಾಳಾಗೋಕೆ ಮನೆ ಬಿಟ್ಟವನಲ್ಲ. ಒಳ್ಳೆ ಕೆಲಸಕ್ಕೇ ಹೋದ. ನಮಗೆ ಅಪಾಯ ಇರೋದು ಅಲ್ಲೇ. ಆಫೀಸು, ಆನ್‌ಸೈಟು ಬಿಡಿ, ಸೇವೆ ಅಂತ ಗಿಟಾರ್ ತಗೊಂಡು ವಾರಪೂರ್ತಿ ಹೊರಗೇ ಇರೋರು ನಮ್ಮಲ್ಲೂ ಇದ್ದಾರೆ. ಜ್ವರ ಬಂದ ಮಗುವನ್ನ ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗೋಳು ಹೆಂಡತಿ ಒಬ್ಬಳೇ. 1 ತಿಮೊಥೆಯ 5ನೇ ಅಧ್ಯಾಯ ಮನೆಗೆ ಹೋಗಿ ಓದಿ.

ಇನ್ನೊಂದು ವಿಷಯ. ಬೇಲೂರಿನ ಕಲ್ಲಿನ ಮೇಲೆ ನಿಜವಾಗಿ ಸಿಗೋ ಹೆಸರುಗಳಲ್ಲಿ ಬಳ್ಳಿಗಾವೆಯ ದಾಸೋಜ ಒಬ್ಬ, ಅವನ ಮಗ ಚಾವಣ ಇನ್ನೊಬ್ಬ. ಅಪ್ಪ ಮಗ ಇಬ್ಬರೂ ಒಂದೇ ಗುಡಿಗೆ ಮದನಿಕೆಗಳನ್ನ ಕೆತ್ತಿದ್ದಾರೆ. ಮುಂದಿನ ಸಲ ಹೋದಾಗ ಗೈಡ್‌ನ ಕೇಳಿ, ಅವರ ಕೆಲಸ ಯಾವುದು ಅಂತ ತೋರಿಸ್ತಾರೆ.